ಪುರಿಂಗ್ ಟೀಚರು ನಡಿಗೆ ಕಲಿಸಿದ್ದು

ಪುರಿಂಗ್ ಟೀಚರ ಗಂಡ ದಿಯೊಸ್ದಾದೊ ತೀರಿಕೊಂಡದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ. ಅರ್ಧ ತಲೆಯ ಕೂದಲು ಕತ್ತರಿಸಿಯಾಗಿತ್ತು. ಅಂಗಡಿಯ ಕುಲಾಸ್ ಒಳ್ಳೆಯ ಮನುಷ್ಯ. ಡಾಕ್ಟರು ಬಂದು ತಲೆಯಾಡಿಸಿ ಹೋದ ಮೇಲೆ ಉಳಿದರ್ಧವನ್ನೂ ಕತ್ತರಿಸಿ, ಕುತ್ತಿಗೆಗೆ ಪೌಡರು ಬಡಿದು, ಮನೆಗೆ ಕಳಿಸಿಕೊಟ್ಟ. ಹೆಣ ಅಂಗಳಕ್ಕೆ ಬಂದಾಗ ಟೀಚರು ಮೊದಲು ನೋಡಿದ್ದು ಹಿಂದುಗಡೆ ಕೂದಲು ಸಮವಾಗಿದೆಯೇ ಎಂದು. ಸಮವಾಗಿತ್ತು.

ಅಳು ಬರಲಿಲ್ಲ. ಒಂಬತ್ತು ದಿನದ ಪ್ರಾರ್ಥನೆಗೆ ಬಂದ ತಾಂಜಾಯ್ ಊರಿನ ಹೆಂಗಸರು ಗಟ್ಟಿ ಜೀವ ಎಂದು ಹೊಗಳಿದರು. ನಲವತ್ತನೆಯ ದಿನವೂ ಕಣ್ಣು ಒದ್ದೆಯಾಗದ್ದನ್ನು ಕಂಡು ಕಲ್ಲು ಎಂದರು. ಎರಡೂ ಮಾತು ಟೀಚರ ಕಿವಿಗೆ ಬಿದ್ದವು. ಎರಡೂ ಎಮ್ಮೆಯ ಮೈಮೇಲಿನ ಮಳೆಯಂತೆ ಇಳಿದುಹೋದವು. ಆ ವರ್ಷದ ಮಾರ್ಚಿನಲ್ಲಷ್ಟೇ ಅವರಿಗೆ ನಿವೃತ್ತಿಯಾಗಿತ್ತು. ಮೂವತ್ತನಾಲ್ಕು ವರ್ಷ ಒಂದನೇ ತರಗತಿಗೇ ಪಾಠ ಮಾಡಿದವರು. ಊರಿನ ಅರ್ಧಕ್ಕರ್ಧ ಜನ ಪೆನ್ಸಿಲು ಹಿಡಿಯಲು ಕಲಿತದ್ದು ಅವರ ಕೈಯಲ್ಲಿ. ಸ್ವಂತ ಮಕ್ಕಳಿರಲಿಲ್ಲ. ನೆರೆಯವರು ಕನಿಕರಪಟ್ಟು ಬುದ್‌ಬುದ್ ಕಡುಬು ತಂದುಕೊಟ್ಟರೆ ತಿನ್ನುತ್ತಿದ್ದರು, ಆದರೆ ತಿಂದದ್ದು ಒಳಗಿನ ಅನ್ನವೋ ಮೇಲೆ ಸುತ್ತಿದ ಬಾಳೆಯೆಲೆಯೋ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ.

ಅವರ ತಂಗಿಯ ಮಗಳು ಲಿಗಾಯಾ ಪ್ಲಾಜಾದ ಹಿಂದೆ ಹನ್ನೊಂದು ಕಂಪ್ಯೂಟರಿನ ಅಂಗಡಿ ಇಟ್ಟಿದ್ದಳು. ಬಾಯಿಬಡುಕಿ, ಆದರೆ ಕರುಳುಳ್ಳವಳು. ಬೆಳಿಗ್ಗೆ ತನಗೆ ಸಂತೆಯ ಕೆಲಸವಿರುತ್ತದೆ, ಎಂಟರಿಂದ ಮಧ್ಯಾಹ್ನದವರೆಗೆ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರೆ ಸಾಕು ಎಂದು ದೊಡ್ಡಮ್ಮನನ್ನು ಎಳೆದುತಂದಳು. ಟೀಚರು ಕೂತರು. ಹುಡುಗರೆಲ್ಲ ಶಾಲೆಗೆ ಹೋಗಿರುವ ಹೊತ್ತು, ಗಿರಾಕಿಗಳೇ ಇಲ್ಲ. ಎದುರಿನ ಹಸಿರು ಗೋಡೆ ನೋಡುತ್ತ ನಾಲ್ಕು ಗಂಟೆ ಕಳೆಯುತ್ತಿದ್ದರು. ಒಂದು ವಾರ ಹೀಗೇ ಆದ ಮೇಲೆ ಲಿಗಾಯಾಗೆ ತಡೆಯಲಾಗಲಿಲ್ಲ. ದೊಡ್ಡಮ್ಮನನ್ನು ಅವಳು ಕರೆಯುತ್ತಿದ್ದದ್ದು ತಿಯಾ ಎಂದು.

"ತಿಯಾ, ಹೀಗೆ ನೋಡ್ತಾ ಇದ್ರೆ ಗೋಡೆ ಬಣ್ಣ ಹೋಗತ್ತೆ. ಬನ್ನಿ, ಇಲ್ಲೊಂದು ಊರಿದೆ, ಇದನ್ನಾದ್ರೂ ನೋಡಿ."

ಅದು ಕಂಪ್ಯೂಟರಿನೊಳಗಿನ ಒಂದು ಲೋಕ. ಗೆಲ್ಲುವುದು ಸೋಲುವುದು ಏನೂ ಇಲ್ಲ. ನಿಮ್ಮದೊಂದು ಗೊಂಬೆ, ಅದು ನಡೆಯುತ್ತದೆ, ಹಾರುತ್ತದೆ, ಮನೆ ಕಟ್ಟುತ್ತದೆ, ಬೇರೆ ದೇಶದವರ ಗೊಂಬೆಗಳೊಡನೆ ಬರೆದು ಮಾತಾಡುತ್ತದೆ. ಲಿಗಾಯಾ ದೊಡ್ಡಮ್ಮನಿಗೂ ಒಂದು ಗೊಂಬೆ ಮಾಡಿಕೊಟ್ಟು ಸಂತೆಗೆ ಹೋದಳು.

ಟೀಚರಿಗೆ ಅದನ್ನು ನಡೆಸಲು ಬರಲಿಲ್ಲ. ಗೊಂಬೆ ಗೋಡೆಗೆ ಮುಖ ಒತ್ತಿಕೊಂಡು ಅಲ್ಲೇ ಕಾಲಾಡಿಸಿತು. ಆಮೇಲೆ ಸಮುದ್ರಕ್ಕೆ ಬಿದ್ದು ತಳದಲ್ಲಿ ನಡೆಯುತ್ತ ಹೋಯಿತು. ಯಾರೋ ಬಟ್ಟೆಯ ಪೆಟ್ಟಿಗೆ ಉಡುಗೊರೆ ಕೊಟ್ಟರು. ಟೀಚರು ಅದನ್ನು ಬಿಚ್ಚುವ ಬದಲು ತಲೆಗೆ ಹಾಕಿಕೊಂಡುಬಿಟ್ಟರು. ಎರಡು ದಿನ ಅವರ ಗೊಂಬೆ ತಲೆಯ ಮೇಲೊಂದು ರಟ್ಟಿನ ಪೆಟ್ಟಿಗೆ ಹೊತ್ತು ತಿರುಗಿತು. ಕಂಡವರು ನಕ್ಕರು. ಟೀಚರಿಗೆ ನಾಚಿಕೆಯೂ ಆಗಲಿಲ್ಲ, ತಮಾಷೆಯೂ ಅನಿಸಲಿಲ್ಲ. ಮೂರನೆಯ ದಿನ ಯಾರೋ ಒಬ್ಬರು, ನೀವು 'ತಾಂಗಾ'ಗೆ ಹೋಗಿ ಎಂದು ದಾರಿ ತೋರಿಸಿದರು.

ತಾಂಗಾ ಎಂದರೆ ಮಲಯ ಭಾಷೆಯಲ್ಲಿ ಮೆಟ್ಟಿಲು. ಹೊಸಬರು ಅಆಇಈ ಕಲಿಯುವ, ಹಳಬರು ಮರೆತದ್ದನ್ನು ತಿದ್ದಿಕೊಳ್ಳುವ ಜಾಗ. ಮರಳಿನ ಮೇಲೆ ಸಾಲಾಗಿ ಕಟ್ಟೆಗಳು. ಮೊದಲ ಕಟ್ಟೆಯಲ್ಲಿ ನಡೆಯುವುದು, ನಿಲ್ಲುವುದು; ಎರಡನೆಯದರಲ್ಲಿ ಕೂರುವುದು; ಮೂರನೆಯದರಲ್ಲಿ ಪೆಟ್ಟಿಗೆ ಬಿಚ್ಚಿ ಬಟ್ಟೆ ತೊಡುವುದು; ಕೊನೆಯದರಲ್ಲಿ ಮರದ ತುಂಡು ಜೋಡಿಸಿ ಒಂದು ಮೇಜು ಮಾಡುವುದು. ಅದನ್ನು ಕಟ್ಟಿದವರು ಮಲೇಷ್ಯಾದ ತೈಪಿಂಗಿನ ರಜಬ್ ಎಂಬವರು. ಮೂವತ್ತು ವರ್ಷ ಕಾರು ಓಡಿಸಲು ಕಲಿಸುವ ಶಾಲೆಯಲ್ಲಿ ಕಲಿಸುಗರಾಗಿದ್ದು ಬಿಟ್ಟವರು. ಅವರ ಗೊಂಬೆ ಚೌಕಳಿ ಲುಂಗಿ ಉಟ್ಟು, ಕರಿ ಟೋಪಿ ಹಾಕಿ, ಮೊದಲ ಕಟ್ಟೆಯ ಬೇಲಿಗೆ ಒರಗಿ ನಿಂತಿರುತ್ತಿತ್ತು.

"ಪೆಟ್ಟಿಗೆ ಇರ್ಲಿ ಬಿಡಿ ಕಾಕ್," ಎಂದು ಬರೆದರು ಅವರು. ಹೆಂಗಸರನ್ನೆಲ್ಲ ಕಾಕ್, ಅಂದರೆ ಅಕ್ಕ, ಎಂದೇ ಕರೆಯುವ ಮನುಷ್ಯ. "ಮೊದ್ಲು ನಿಲ್ಲೋದು ಕಲೀರಿ. ನಿಲ್ಲೋಕೆ ಬಂದವ್ರಿಗೆ ಓಡಿಸೋಕೆ ಬರತ್ತೆ."

ಆರು ದಿನ ಹಿಡಿಯಿತು. ರಜಬ್ ಒಮ್ಮೆಯೂ ಗದರಲಿಲ್ಲ, ಹೊಗಳಲೂ ಇಲ್ಲ. ಸರಿಯಾದರೆ 'ಇನ್ನೊಂದ್ಸಲ' ಎಂದು ಬರೆಯುವರು, ತಪ್ಪಾದರೂ ಅದೇ. ಒಂದನೇ ತರಗತಿಯಲ್ಲಿ ತಾವು ಮಾಡುತ್ತಿದ್ದದ್ದೂ ಇದೇ ಎಂದು ಟೀಚರಿಗೆ ಕಂಡಿತು. ಮೇಜು ಮಾಡಲು ಬಂದ ದಿನ ರಜಬ್, ನಾಳೆಯಿಂದ ಎರಡನೇ ಕಟ್ಟೆ ನೀವು ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಟೀಚರು ಆಗಲಿ ಎಂದರು. ಬೇಡ ಅನ್ನಲು ಕಾರಣವಿರಲಿಲ್ಲ, ಅಷ್ಟೇ.

ಒಂದೂವರೆ ವರ್ಷ ಹಾಗೆ ನಡೆಯಿತು. ತಾಂಜಾಯ್‌ಗೂ ಮಲೇಷ್ಯಾಕ್ಕೂ ಗಡಿಯಾರ ಒಂದೇ ಸಮ. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಹಾಜರು. ಟೀಚರು ನೂರಾರು ಜನರಿಗೆ ಕೂರುವುದನ್ನು ಕಲಿಸಿದರು. ಅವರು ಕಲಿತು ಹೋದರು. ಯಾರ ಹೆಸರೂ ಟೀಚರ ನೆನಪಿನಲ್ಲಿ ನಿಲ್ಲಲಿಲ್ಲ. ರಜಬ್ ಮನೆಯ ಸಂಗತಿ ಹೇಳುತ್ತಿರಲಿಲ್ಲ, ಟೀಚರೂ ಕೇಳುತ್ತಿರಲಿಲ್ಲ. ಕಟ್ಟೆಗಳನ್ನು ಎತ್ತಿ ಇಡುವ, ಬದಲಿಸುವ ಅಧಿಕಾರವನ್ನೂ ಅವರು ಒಂದು ದಿನ ಟೀಚರ ಗೊಂಬೆಗೆ ಕೊಟ್ಟುಬಿಟ್ಟರು.

ಆಮೇಲೆ ರಜಬ್ ಬರುವುದು ನಿಂತಿತು. ಒಂದು ವಾರ, ಒಂದು ತಿಂಗಳು, ಎರಡು ತಿಂಗಳು. ಮೊದಲ ಕಟ್ಟೆಯನ್ನೂ ಟೀಚರೇ ನೋಡಿಕೊಂಡರು. ಎಲ್ಲಿ ಹೋದರೋ ಎಂಬ ಪ್ರಶ್ನೆ ಬರುತ್ತಿತ್ತು. ಆದರೆ ನೊಂದುಕೊಳ್ಳುವ ಜಾಗವನ್ನು ಯಾರೋ ಹೊಲಿದು ಮುಚ್ಚಿದ ಹಾಗಿತ್ತು.

ಒಂದು ಬೆಳಿಗ್ಗೆ ಹೊಚ್ಚಹೊಸ ಗೊಂಬೆಯೊಂದು ಬಂದು ಬೇಲಿಗೆ ಢಿಕ್ಕಿ ಹೊಡೆಯುತ್ತ ನಿಂತಿತು. ತಲೆಯ ಮೇಲೆ ಹುಜಾನ್ ಎಂಬ ಹೆಸರು. ಎಲ್ಲ ಹೊಸಬರಿಗೂ ಸಿಗುವ ಬೂದು ಅಂಗಿ. ಹೇಗೆ ನಿಲ್ಲಿಸುವುದು ಎಂದು ಕೇಳಿತು. ಟೀಚರು ಹೇಳಿಕೊಟ್ಟರು. ಗೊಂಬೆ ಬೇಗ ಕಲಿತು, ಧನ್ಯವಾದ ಹೇಳಿ ಹೋಯಿತು. ಮರುದಿನ ಅದೇ ಗೊಂಬೆ, ಅದೇ ಬೇಲಿ, ಅದೇ ಪ್ರಶ್ನೆ. ಅದರ ಮರುದಿನವೂ ಅದೇ. ನಾಲ್ಕನೆಯ ದಿನ ಪಾಠ ಮುಗಿದ ಮೇಲೆ ಗೊಂಬೆ ಹೋಗದೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಕ್ಷರಗಳು ಮೂಡಿದವು.

"ಟೀಚರ್, ನಾನು ಸಲ್ಮಾ. ರಜಬ್ ಅವ್ರ ಹೆಂಡ್ತಿ. ಇಷ್ಟು ದಿನ ಬರ್ತಿರೋದು ಅವ್ರೇ. ಈಗ ಒಳಗೆ ಹೋಗಿದಾರೆ, ಅದಕ್ಕೇ ಬರೀತಿದೀನಿ."

ಸಲ್ಮಾ ಬರೆದದ್ದರ ತಾತ್ಪರ್ಯ ಇಷ್ಟು. ರಜಬ್‌ಗೆ ಮರೆವಿನ ಕಾಯಿಲೆ. ಮೊದಲು ಗುಪ್ತಪದ ಮರೆತರು, ಅದಕ್ಕೇ ಈ ಹೊಸ ಗೊಂಬೆ. ಆಮೇಲೆ ಮಸೀದಿಯ ದಾರಿ ಮರೆತರು. ಕಂಪ್ಯೂಟರಿನ ಮುಂದೆ ಕೂರಿಸಿದರೆ ಮಾತ್ರ ಒಂದು ಗಂಟೆ ಶಾಂತವಾಗಿರುತ್ತಾರೆ. ತಾಂಗಾ ಕಟ್ಟಿದವರು ತಾವೇ ಎಂಬುದು ಅವರಿಗೆ ಗೊತ್ತಿಲ್ಲ. ಹೇಳಿದರೆ ಇಡೀ ದಿನ ಅವಮಾನದಿಂದ ಮುಖ ಮುಚ್ಚಿಕೊಂಡು ಕೂರುತ್ತಾರೆ. ಆದ್ದರಿಂದ ದಯವಿಟ್ಟು ಹೇಳಬೇಡಿ.

ಟೀಚರು ಸರಿ ಎಂದು ಬರೆದು, ಕಂಪ್ಯೂಟರು ಆರಿಸಿ, ಮನೆಗೆ ಹೋಗಿ ಊಟ ಮಾಡಿದರು.

ಅಲ್ಲಿಂದ ಮುಂದೆ ದಿನವೂ ರಜಬ್‌ಗೆ ನಡೆಯಲು ಕಲಿಸಿದರು. ಮೂವತ್ತನಾಲ್ಕು ವರ್ಷ ಹಾಜರಿ ಕೂಗಿದಷ್ಟೇ ಸಲೀಸಾಗಿ. ಮನುಷ್ಯ ಮರೆತಿದ್ದರೂ ಕಲಿಸುಗ ಮರೆತಿರಲಿಲ್ಲ. ಕಲಿಯುತ್ತಲೇ ತಪ್ಪು ಹುಡುಕುವರು. ಈ ಬೇಲಿ ತಿರುವಿಗೆ ತೀರಾ ಹತ್ತಿರವಾಯಿತು, ಕಲಿಯುವವನಿಗೆ ಭಯ ಹುಟ್ಟುತ್ತದೆ, ಯಾರು ಕಟ್ಟಿದ್ದು ಇದನ್ನ ಎನ್ನುವರು. ಯಾರೋ ಹಳಬರು, ಸರಿಮಾಡಿಸುತ್ತೇನೆ ಸರ್ ಎಂದು ಟೀಚರು ಬರೆಯುವರು. ಅವರು ಹೋದ ಮೇಲೆ ಬೇಲಿಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಇಡುವರು. ಮರುದಿನ ರಜಬ್, ಪಾಠದ ಹಲಗೆಯ ಅಕ್ಷರ ಚಿಕ್ಕದಾಯಿತು ಎನ್ನುವರು. ಮೂರು ತಿಂಗಳಲ್ಲಿ ತಾಂಗಾದ ಒಂದೊಂದು ಕಟ್ಟೆಯೂ ಬದಲಾಯಿತು, ಎಲ್ಲ ಒಳ್ಳೆಯದಕ್ಕೇ. ಹೊಸಬರು ಬೇಲಿಗೆ ಢಿಕ್ಕಿ ಹೊಡೆಯುವುದು ಕಡಿಮೆಯಾಯಿತು.

ಒಂದು ದಿನ ಎರಡನೇ ಕಟ್ಟೆಯ ಬೆಂಚಿನಲ್ಲಿ ಗೊಂಬೆಗಳೆರಡೂ ಕೂತಿದ್ದಾಗ ರಜಬ್, ನಿಮ್ಮ ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದರು. ಟೀಚರು ಯಾರಿಗೂ ಹೇಳದಿದ್ದದ್ದನ್ನು ಬರೆದರು. ಹೇಳದಿದ್ದದ್ದು ಏನು ಬಂತು, ಊರಿಗೇ ಗೊತ್ತಿದ್ದ ವಿಷಯ. ಆದರೆ ಅವರ ಬಾಯಿಂದ ಬಂದಿರಲಿಲ್ಲ. ಕೂದಲು ಕತ್ತರಿಸಿಕೊಳ್ಳುವಾಗ ತೀರಿಕೊಂಡರು ಎಂದರು. ರಜಬ್ ತಮ್ಮ ಧರ್ಮದ ಎರಡು ಮಾತು ಹೇಳಿ ಎದ್ದರು. ಮರುದಿನ ಅದೇ ಬೆಂಚು, ಅದೇ ಪ್ರಶ್ನೆ. ಟೀಚರು ಮತ್ತೆ ಹೇಳಿದರು. ಈ ಸಲ ಅರ್ಧ ತಲೆಯ ಸಂಗತಿಯೂ ಸೇರಿತು. ಇನ್ನೊಂದು ದಿನ ಪೌಡರು ಸೇರಿತು. ನಾಳೆ ಈ ಮನುಷ್ಯನಿಗೆ ನೆನಪಿರುವುದಿಲ್ಲ ಎಂಬುದು ಬೆರಳಿಗೆ ಧೈರ್ಯ ಕೊಡುತ್ತಿತ್ತೋ ಏನೋ. ಇಪ್ಪತ್ತು ಸಲವಾದರೂ ಹೇಳಿರಬೇಕು. ಒಂದು ಬೆಳಿಗ್ಗೆ ಉಳಿದದ್ದನ್ನೂ ಬರೆದರು.

"ಆವತ್ತು ಅವ್ರು ಹೋಗಲ್ಲ ಅಂದಿದ್ರು ಸರ್. ಎದೆ ಭಾರ ಅನ್ಸತ್ತೆ, ನಾಳೆ ಹೋಗ್ತೀನಿ ಅಂದ್ರು. ನಾನೇ ಬೈದೆ. ಭಿಕ್ಷುಕನ ಥರ ಕಾಣ್ತೀರಿ, ಇವತ್ತೇ ಹೋಗಿ ಅಂತ ಹೊರಗೆ ಕಳ್ಸಿ ಬಾಗ್ಲು ಹಾಕ್ಕೊಂಡೆ."

 ರಜಬ್ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು.

"ಕೂದ್ಲು ಬೆಳೆದಿತ್ತಾ ಕಾಕ್?"

"ಬೆಳೆದಿತ್ತು."

"ಬೆಳೆದ್ಮೇಲೆ ಕತ್ತರಿಸ್ಲೇಬೇಕಲ್ಲ."

ಅಷ್ಟೇ ಬರೆದು, ಈ ಬೆಂಚು ಸ್ವಲ್ಪ ಎತ್ತರವಾಯಿತು, ಕಾಲು ನೆಲಕ್ಕೆ ತಾಗುತ್ತಿಲ್ಲ ಎಂದರು. ಟೀಚರು ಸರಿಮಾಡಿಸುತ್ತೇನೆ ಎಂದರು. ಬೆಂಚನ್ನು ಒಂದು ಗೇಣು ತಗ್ಗಿಸಿದರು. ಎದೆ ಹಗುರಾಗಲಿಲ್ಲ, ಭಾರವೂ ಆಗಲಿಲ್ಲ. ಲಿಗಾಯಾ ಸಂತೆಯಿಂದ ಬಂದು, ಏನು ತಿಯಾ ಮುಖ ಹೀಗೆ, ಮೀನು ಮುಳ್ಳು ಸಿಕ್ಕಿಕೊಂಡಿದೆಯಾ ಎಂದು ಕೇಳಿದಳು. ಏನಿಲ್ಲ, ಹಸಿವು ಅಂದರು. ಹೇಳಿದ ಮೇಲೆ ನಿಜವಾಗಿಯೂ ಹಸಿವಾಗಿದೆ ಎಂದು ಗೊತ್ತಾಯಿತು. ಲಿಗಾಯಾ ತಂದಿದ್ದ ಬೇಯಿಸಿದ ಜೋಳದಲ್ಲಿ ಎರಡು ತೆನೆ ತಿಂದರು. ಎರಡನೆಯದಕ್ಕೆ ಉಪ್ಪು ಕಡಿಮೆಯಿತ್ತು. ಮರುದಿನ ರಜಬ್ ಅದೇ ಪ್ರಶ್ನೆ ಕೇಳಿದಾಗ, ಗಂಡ ತೀರಿಕೊಂಡಿದ್ದಾರೆ ಎಂದಷ್ಟೇ ಬರೆದರು.

ಮಳೆಗಾಲ ಕಳೆಯುವ ಹೊತ್ತಿಗೆ ರಜಬ್‌ಗೆ ಪರದೆ ನೋಡಿದರೆ ಕಿಟಕಿಯೆಂದು ಅನಿಸತೊಡಗಿತು. ಕಿಟಕಿಯಾಚೆ ಯಾರೋ ನಿಂತಿದ್ದಾರೆಂದು ಹೆದರುವರು. ಇನ್ನು ಕೂರಿಸುವುದಿಲ್ಲ ಎಂದು ಸಲ್ಮಾ ಎರಡು ಸಾಲು ಬರೆದರು. ತಾಂಗಾದ ಜಾಗವನ್ನು ಟೀಚರ ಹೆಸರಿಗೆ ಮಾಡಿಸಿದರು. ಟೀಚರು ಜಾಗದ ದಾಖಲೆಯಲ್ಲಿ ಕಟ್ಟಿದವರ ಹೆಸರನ್ನು ಹಾಗೆಯೇ ಬಿಟ್ಟರು. ಬೆಳಿಗ್ಗೆ ಎಂಟಕ್ಕೆ ಬಂದು ಮೊದಲ ಕಟ್ಟೆಯಲ್ಲಿ ನಿಲ್ಲುವುದು ಹಿಂದಿನಂತೆಯೇ ನಡೆಯಿತು.

ರಜಬ್ ಇನ್ನೊಂದು ವರ್ಷ ಹತ್ತು ತಿಂಗಳು ಬದುಕಿದ್ದರು. ಅವರು ಹೋದ ಸುದ್ದಿ ಟೀಚರಿಗೆ ತಿಳಿದದ್ದು ತಡವಾಗಿ, ಅದೂ ಹೀಗೆ. ಒಂದು ಸೋಮವಾರ ಬೂದು ಅಂಗಿಯ ಹುಜಾನ್ ಮತ್ತೆ ಬಂದು ಮರಳಿನ ಮೇಲೆ ನಿಂತಿತು. ಒಂದು ಹೆಜ್ಜೆ ಇಟ್ಟು ಗರಗರ ಸುತ್ತಿತು.

"ಟೀಚರ್, ಸಲ್ಮಾ. ಅವ್ರು ಹೋಗಿ ಐವತ್ತು ದಿನ ಆಯ್ತು. ನಂಗೆ ಇದು ಬರಲ್ಲ. ಆಗೆಲ್ಲ ಅವ್ರ ಕೈ ಹಿಡ್ಕೊಂಡು ಪಕ್ಕದಲ್ಲಿ ಕೂತಿರ್ತಿದ್ದೆ ಅಷ್ಟೇ. ಮನೇಲಿ ಬೆಳಿಗ್ಗೆ ಕೆಲ್ಸ ಇಲ್ಲ."

 ಟೀಚರಿಗೆ ಜನ ಹೇಳಿದ್ದ ಸಮಾಧಾನದ ಮಾತುಗಳಲ್ಲಿ ಒಂದೂ ಹೇಳುವಂಥದಾಗಿರಲಿಲ್ಲ. ಅತ್ತಿರಾ ಎಂದೂ ಕೇಳಲಿಲ್ಲ.  ಅಂಗಡಿಯ ಹೊರಗೆ ಕಬ್ಬಿನ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಸದ್ದು ಮಾಡುತ್ತಿತ್ತು. ಟೀಚರು ಅದು ನಿಲ್ಲುವವರೆಗೆ ಕಾದರು.

"ಮೇಲಕ್ಕೆ ತೋರಿಸೋ ಬಾಣದ ಗುಂಡಿ ಇದ್ಯಲ್ಲ, ಅದನ್ನ ಒತ್ತಿ ಬಿಡಿ ಸಲ್ಮಾ. ಹಿಡ್ಕೋಬೇಡಿ."

ಗೊಂಬೆ ಮುಂದಕ್ಕೆ ಹೋಗಿ, ಬೇಲಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ನಿಂತಿತು.

"ಇನ್ನೊಂದ್ಸಲ," ಎಂದು ಟೀಚರು ಬರೆದರು.