ಅಕ್ಕನ ಬಾಗಿಲಿಗೆ ಹಾಕದ ಗೆರೆಗಳು

ಕಳೆದ ವಾರ ಶಿವಮೊಗ್ಗದ ಸವಳಂಗ ರಸ್ತೆಯ ಬ್ಯಾಗ್ ರಿಪೇರಿ ಅಂಗಡಿಗೆ ನನ್ನ ಹಳೆಯ ಹೆಗಲ ಚೀಲವನ್ನು ತೆಗೆದುಕೊಂಡು ಹೋಗಿದ್ದೆ. ಜಿಪ್ಪು ಕೆಟ್ಟು ಯಾವ ಕಾಲವಾಗಿತ್ತೋ. ಅಂಗಡಿಯವರು ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು. ಒಂದು ಪೆನ್ನಿನ ಮುಚ್ಚಳ, ಅಕ್ಷರ ಮಾಸಿದ ಭದ್ರಾವತಿ ಬಸ್ಸಿನ ಟಿಕೆಟು, ಆಮೇಲೆ ಹೆಬ್ಬೆರಳಿನಷ್ಟು ಉದ್ದದ ಒಂದು ನೀಲಿ ಸೀಮೆಸುಣ್ಣದ ತುಂಡು ಮೇಜಿನ ಮೇಲೆ ಬಿದ್ದವು. ಅಂಗಡಿಯವರು ಅದನ್ನು ಎತ್ತಿ ನೋಡಿ, ತಾವು ಟೀಚರಾ ಎಂದು ಕೇಳಿದರು. ಅಲ್ಲ ಎಂದೆ. ಮತ್ತೇನು ಎಂದು ಅವರು ಕೇಳಲಿಲ್ಲ. ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ. ಅಂಗೈಯೆಲ್ಲ ನೀಲಿಯಾಗಿತ್ತು.

ಅದು ಭದ್ರಾವತಿಯ ಆಶಾ ಕಾರ್ಯಕರ್ತೆ ಅಕ್ಕನ ಸೀಮೆಸುಣ್ಣ.

ನನ್ನ ಓದಿನ ಹೆಸರು ಉದ್ದದ್ದು. ಅಂತರರಾಷ್ಟ್ರೀಯ ಅಭಿವೃದ್ಧಿ, ಪರಿಸರ ಮತ್ತು ಜಾಗತಿಕ ಆರೋಗ್ಯ. ಗೋಪಾಳದ ನಮ್ಮ ಬೀದಿಯಲ್ಲಿ ಅಮ್ಮ ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಸೊಪ್ಪು ಕೊಂಡು ಒಳಗೆ ಹೋಗಿರುತ್ತಿದ್ದರು. ಡಾಕ್ಟರಾ ಎಂದರೆ ಅಲ್ಲ, ಪರಿಸರ ಇಲಾಖೆಯಾ ಎಂದರೆ ಅದೂ ಅಲ್ಲ. ಕೊನೆಗೆ ಅಮ್ಮ 'ಫಾರಿನ್ನಲ್ಲಿ ಓದ್ತಾಳೆ' ಎಂಬಲ್ಲಿಗೆ ನಿಲ್ಲಿಸಿದರು. ಹೊರದೇಶದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ. ಅದರಲ್ಲಿ ಒಂದು ಬೇಸಿಗೆ ಎಲ್ಲಾದರೂ ಹೋಗಿ ಜನರ ನಡುವೆ ಕೆಲಸ ಮಾಡಿ ಪ್ರಬಂಧ ಬರೆಯಬೇಕು. ಸಹಪಾಠಿಗಳು ಹೆಸರೇ ಕೇಳಿರದ ದೇಶಗಳಿಗೆ ಹೊರಟರು. ನಾನು ಭದ್ರಾವತಿಯನ್ನು ಆರಿಸಿಕೊಂಡೆ. ಪ್ರಬಂಧದ ಮೊದಲ ಪುಟದಲ್ಲಿ ಅದಕ್ಕೆ ನಾಲ್ಕು ಘನವಾದ ಕಾರಣಗಳನ್ನು ಕೊಟ್ಟಿದ್ದೇನೆ. ನಿಜವಾದ ಕಾರಣ ಒಂದೇ. ಆ ದೇಶದಲ್ಲಿ ಒಬ್ಬಳೇ ಇದ್ದು ಇದ್ದು ನನಗೆ ಸಾಕಾಗಿತ್ತು, ಅಮ್ಮನ ಕೈ ಅಡುಗೆ ಉಂಡು ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರಬಹುದಾದ ಊರು ನನಗೆ ಬೇಕಿತ್ತು.

ಮನೆಯೊಳಗಿನ ಹೊಗೆ ಮತ್ತು ಹೆಂಗಸರ ಉಸಿರಾಟ ನನ್ನ ವಿಷಯ. ಅರವತ್ತು ಮನೆ ಹತ್ತಿ ಇಳಿದು ಪ್ರಶ್ನಾವಳಿ ತುಂಬಿಸಬೇಕಿತ್ತು. ಆರೋಗ್ಯ ಕೇಂದ್ರದ ಸಿಸ್ಟರ್ ನನ್ನನ್ನು ಆ ಬಡಾವಣೆಯ ಆಶಾ ಕಾರ್ಯಕರ್ತೆಯ ಜೊತೆ ಹಾಕಿದರು. ನಲವತ್ತೈದು ದಾಟಿದ ಹೆಂಗಸು, ಗುಲಾಬಿ ಸೀರೆ, ಹೆಗಲಿಗೊಂದು ಬಟ್ಟೆ ಚೀಲ. ಹೊಳಲೂರಿನ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡಿದ್ದರು, ಕಾಲೇಜಿಗೆ ಹೋಗುವ ಒಬ್ಬ ಮಗಳಿದ್ದಳು. ಕಾರ್ಖಾನೆಯ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ಮೊಮ್ಮಕ್ಕಳು ತುಂಬಿದ್ದ ಬಡಾವಣೆ ಅದು. ಕನ್ನಡದವರು, ತಮಿಳಿನವರು, ತೆಲುಗಿನವರು ಎಲ್ಲರೂ ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ಎರಡನೆಯ ದಿನಕ್ಕೆ ನಾನೂ ಹಾಗೇ ಕರೆದೆ. ಮೂರನೆಯ ದಿನಕ್ಕೆ ಅವರು ಮೇಡಂ ಎನ್ನುವುದನ್ನು ಬಿಟ್ಟು ಮಾರಾಯ್ತಿ ಎಂದರು. ನನಗೆ ಎಷ್ಟು ಹಿತವಾಯಿತೆಂದರೆ, ಆವತ್ತು ಬಸ್ಸಿನಲ್ಲಿ ಅದನ್ನೇ ನೆನೆಸಿಕೊಂಡು ಬಂದೆ.

ನನ್ನ ಪ್ರಶ್ನಾವಳಿ ಮೊದಲ ವಾರದಲ್ಲೇ ಮುಗ್ಗರಿಸಿತು. 'ನಿಮಗೆ ಕೆಮ್ಮು ಇದೆಯೇ? ಉಸಿರಾಟದ ತೊಂದರೆ ಇದೆಯೇ?' ಎಂದು ಬಾಗಿಲಲ್ಲಿ ನಿಂತು ಓದುತ್ತಿದ್ದೆ. ಇಲ್ಲ ಎನ್ನುತ್ತಿದ್ದರು. ಎದೆಯೊಳಗೆ ಸಿಳ್ಳೆ ಹಾಕಿದಂತೆ ಉಸಿರಾಡುತ್ತಿದ್ದ ಅಜ್ಜಿಯೂ ಇಲ್ಲ ಎಂದಿತು. ನಾನು ಇಲ್ಲ ಎಂಬಲ್ಲಿ ಗುರುತು ಹಾಕಿಕೊಂಡು ಮುಂದಕ್ಕೆ ಹೋಗುತ್ತಿದ್ದೆ. ಒಂದು ದಿನ ಅಕ್ಕ ನನ್ನನ್ನು ಬದಿಗೆ ಕರೆದು ಬುದ್ಧಿ ಹೇಳಿದರು. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಇಲ್ಲಿ ಕೆಮ್ಮು ಅಂದರೆ ಅಲ್ಲಿ ಟೀಬಿ ಅಂತ ಕೇಳಿಸುತ್ತದೆ, ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರೆ ಯಾವ ತಾಯಿ ಹೌದು ಅಂತಾಳೆ? ಹಾಗೆಯೇ ಅಡುಗೆಗೆ ಏನು ಉರಿಸುತ್ತೀರಿ ಅಂದರೆ ಎಲ್ಲರೂ ಗ್ಯಾಸ್ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಸ್ನಾನದ ಹಂಡೆಗೆ ದಿನಾ ಬೆಳಗ್ಗೆ ಸಂಜೆ ಅಡಿಕೆ ಸಿಪ್ಪೆ, ಹಸಿ ಸೌದೆ ಒಟ್ಟಿ ಊದುವುದನ್ನು ನಿನ್ನ ಕಾಗದ ಕೇಳಿದೆಯಾ ಎಂದರು. ಕೇಳಿರಲಿಲ್ಲ.

ಆಮೇಲೆ ಅವರು ತಮ್ಮ ದಾರಿ ತೋರಿಸಿದರು. ಆ ಬಡಾವಣೆಯಿಂದ ರೇಷನ್ ಅಂಗಡಿಗೆ ಒಂದು ಏರು ಹತ್ತಿ ಹೋಗಬೇಕು. ಅಕ್ಕ ಯಾವ ಮನೆಗೆ ಹೋದರೂ ಮೊದಲು ಅದೂ ಇದೂ ಮಾತಾಡಿ, ಎದ್ದು ಬರುವಾಗ ಏನೋ ನೆನಪಾದವರಂತೆ ಕೇಳುತ್ತಿದ್ದರು.

"ರೇಷನ್ ಅಂಗಡಿಗೆ ಹೋಗೋವಾಗ ಎಲ್ಲೆಲ್ಲಿ ಕೂತ್ಕೊಂಡು ಹೋಗ್ತೀರಾ?"

ಅದಕ್ಕೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಹೇಳಬೇಕೆಂದು ಅವರಿಗೆ ಅನ್ನಿಸುತ್ತಲೇ ಇರಲಿಲ್ಲ. ಮರದ ಬುಡದಲ್ಲೊಂದು ಸಲ, ಟೈಲರ್ ಅಂಗಡಿಯ ಬೆಂಚಿನ ಮೇಲೊಂದು ಸಲ, ಮೋರಿಯ ಕಲ್ಲಿನ ಮೇಲೊಂದು ಸಲ ಎಂದು ಬೆರಳು ಮಡಿಸಿ ಲೆಕ್ಕ ಕೊಡುತ್ತಿದ್ದರು. ಪೋಲಿಯೊ ಹನಿ ಹಾಕಿದ ಮನೆಯ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಬರೆದಿರುತ್ತಾರಲ್ಲ, ಅದರ ಕೆಳಗೆ ಅಕ್ಕ ನೀಲಿ ಬಣ್ಣದಲ್ಲಿ ಪುಟ್ಟ ಗೆರೆಗಳನ್ನು ಎಳೆಯುತ್ತಿದ್ದರು. ಎಷ್ಟು ಕಡೆ ಕೂರುತ್ತಾರೋ ಅಷ್ಟು ಗೆರೆ. ಒಂದಾದರೆ ಮುಂದಿನ ತಿಂಗಳು ನೋಡಬೇಕು. ಎರಡಾದರೆ ಹಂಡೆ ಒಲೆಯ ಬಗ್ಗೆ ಮಾತಾಡಬೇಕು. ಮೂರಾದರೆ ಅದೇ ವಾರ ಏನಾದರೂ ನೆಪ ಹೇಳಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು. ಅದೇನು ಗೆರೆ ಎಂದು ಯಾರಾದರೂ ಕೇಳಿದರೆ ಸರ್ಕಾರದ್ದು ಎನ್ನುತ್ತಿದ್ದರು. ಸರ್ಕಾರಕ್ಕೆ ಆ ಗೆರೆಯ ವಿಷಯ ಗೊತ್ತೇ ಇರಲಿಲ್ಲ.

ನನಗೆ ರೋಮಾಂಚನವಾಯಿತು. ಆವತ್ತೇ ನನ್ನ ಮಾರ್ಗದರ್ಶಕರಿಗೆ ಉದ್ದನೆಯ ಇಮೇಲ್ ಬರೆದೆ. ತುಂಬ ಸ್ವಾರಸ್ಯಕರ, ಆದರೆ ವಿಶ್ವವಿದ್ಯಾಲಯದ ಸಮಿತಿ ಒಪ್ಪಿದ ಪ್ರಶ್ನಾವಳಿಯನ್ನು ನಡುವೆ ಬದಲಾಯಿಸುವಂತಿಲ್ಲ, ಬೇಕಾದರೆ ಅಡಿಟಿಪ್ಪಣಿಯಲ್ಲಿ ಹಾಕು ಎಂದು ಉತ್ತರ ಬಂತು. ನಾನು ಜಗಳ ಆಡಬಹುದಿತ್ತು. ಆಡಲಿಲ್ಲ. ಮತ್ತೆ ಕೆಮ್ಮು ಇದೆಯೇ, ಇಲ್ಲ, ಗುರುತು, ಮುಂದಿನ ಮನೆ... ಅಕ್ಕ ನನ್ನ ಹಿಂದೆ ನಿಂತು ತಮ್ಮ ಪ್ರಶ್ನೆ ಕೇಳಿ ತಮ್ಮ ಗೆರೆ ಎಳೆದುಕೊಳ್ಳುತ್ತಿದ್ದರು. ಒಂದೇ ಮನೆಗೆ ನಾವಿಬ್ಬರೂ ಬೇರೆಬೇರೆ ಉತ್ತರ ಬರೆದುಕೊಂಡು ಹೊರಗೆ ಬರುತ್ತಿದ್ದೆವು.

ಮನೆಗಳು ಮುಗಿದ ಮೇಲೆ ಆರೋಗ್ಯ ಕೇಂದ್ರಕ್ಕೂ ಅದೇ ಏರು ಹತ್ತಿ ಹೋಗಬೇಕು. ಅಕ್ಕನ ಜೊತೆ ಆ ಏರು ಹತ್ತುವುದೆಂದರೆ ನನ್ನ ತಾಳ್ಮೆಯ ಪರೀಕ್ಷೆ. ಮರದ ಬುಡದಲ್ಲಿ ಕೂತು, ಈ ಮರ ಹೋದ ಸಲ ಎಷ್ಟು ಹೂ ಬಿಟ್ಟಿತ್ತು ಗೊತ್ತಾ ಎಂದು ಶುರುಮಾಡುತ್ತಿದ್ದರು. ಟೈಲರ್ ಅಂಗಡಿಯ ಬೆಂಚಿನಲ್ಲಿ ಕೂತು ಬ್ಲೌಸ್ ಬಟ್ಟೆಗಳನ್ನು ಮುಟ್ಟಿ ನೋಡುತ್ತಿದ್ದರು. ಮೋರಿಯ ಕಲ್ಲಿನ ಮೇಲೆ ಕೂತಾಗ ಮಾತ್ರ ಅವರು ಏನೂ ಮಾತಾಡುತ್ತಿರಲಿಲ್ಲ, ಸುಮ್ಮನೆ ಕೆಳಗಿನ ಬಡಾವಣೆಯ ಕಡೆ ನೋಡುತ್ತಿದ್ದರು. ನಾನು ಅಷ್ಟರಲ್ಲಿ ನೋಟ್ಸ್ ಬರೆದುಕೊಳ್ಳುತ್ತಿದ್ದೆ. ಈ ಅಕ್ಕನಿಗೆ ಎಲ್ಲಿ ಹೋದರೂ ಹರಟೆಗೆ ಜನ ಬೇಕು ಎಂದು ನನ್ನ ಪುಸ್ತಕದಲ್ಲಿ ಬರೆದೂ ಇದ್ದೇನೆ. ಒಂದು ದಿನ ಸಹನೆ ಕೆಟ್ಟು, ಸಿಸ್ಟರ್ ಮನೆಗೆ ಹೊರಟುಬಿಡ್ತಾರೆ ಅಕ್ಕಾ, ಬೇಗ ಹೋಗೋಣ ಎಂದುಬಿಟ್ಟೆ. ಅವರು ನಕ್ಕು, ಆಯ್ತು ನಡಿ ಎಂದು ಎದ್ದರು. ಆವತ್ತು ಎಲ್ಲೂ ಕೂರದೆ ಹತ್ತಿದರು. ಮೇಲೆ ಬಂದ ಮೇಲೆ ಕೇಂದ್ರದ ಗೋಡೆಗೆ ಕೈ ಕೊಟ್ಟು ಬಹಳ ಹೊತ್ತು ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ಬೇಜಾರಾಗಿದೆ ಎಂದುಕೊಂಡೆ... ಮಾರನೆಯ ದಿನ ಅಮ್ಮ ಮಾಡಿದ ಕೋಡುಬಳೆ ಕಟ್ಟಿಸಿಕೊಂಡು ಹೋಗಿ ಕೊಟ್ಟೆ. ಖುಷಿಯಿಂದ ತಿಂದರು.

ಕೊನೆಯ ದಿನ ಐವತ್ತೊಂಬತ್ತು ಮನೆ ಆಗಿತ್ತು. ಒಂದು ಮನೆಗೆ ಬೀಗ ಹಾಕಿತ್ತು. ಏನು ಮಾಡುವುದು ಎಂದು ನಾನು ಪರದಾಡುತ್ತಿದ್ದಾಗ ಅಕ್ಕ, "ನಮ್ಮನೇನೂ ಒಂದು ಮನೆ ಅಲ್ವಾ ಮಾರಾಯ್ತಿ, ಬಾ" ಎಂದರು. ಅವರ ಮನೆ ಸಾಲಿನ ಕೊನೆಯದು. ಹಿತ್ತಲಲ್ಲಿ ಹಂಡೆ, ಅದರ ಮೇಲಿನ ಗೋಡೆ ಸೂರಿನವರೆಗೆ ಕಪ್ಪು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಎದುರಿಗೆ ಚಾಪೆಯ ಮೇಲೆ ನೆಟ್ಟಗೆ ಕೂತರು, ಶಾಲೆಯ ಹುಡುಗಿಯ ಹಾಗೆ. ನಾನು ಓದಿದೆ. ಅಡುಗೆಗೆ ಏನು ಉರಿಸುತ್ತೀರಿ? ಗ್ಯಾಸ್. ಕೆಮ್ಮು ಇದೆಯೇ? ಇಲ್ಲ. ಉಸಿರಾಟದ ತೊಂದರೆ? ಇಲ್ಲ. ನನಗೆ ನಗು ಬಂತು, ಅವರೂ ನಕ್ಕರು. ಕೊನೆಯ ಪುಟಕ್ಕೆ ಅವರ ಸಹಿ ಹಾಕಿಸಿಕೊಂಡು ಕಾಗದ ಮಡಿಸಿದೆ.

ಅವರು ಏಳಲಿಲ್ಲ.

"ಅಷ್ಟೇನಾ?" ಎಂದರು. "ಇನ್ನೇನೂ ಕೇಳಲ್ವಾ?"

"ಅಷ್ಟೇ ಅಕ್ಕಾ, ಮುಗೀತು" ಎಂದೆ. ಐದೂವರೆ ಬಸ್ಸಿನ ಚಿಂತೆ ನನಗೆ.

ಅವರು ಚೀಲದಿಂದ ನೀಲಿ ಸೀಮೆಸುಣ್ಣ ತೆಗೆದು ನನ್ನ ಕೈಗೆ ಕೊಟ್ಟು, "ನಮ್ಮನೆ ಬಾಗಿಲಿಗೆ ನೀನೇ ಬರಿ" ಎಂದರು. ನಾನು ಸಂಭ್ರಮದಿಂದ ಬಾಗಿಲ ಪಕ್ಕ ದೊಡ್ಡದಾಗಿ ಅರವತ್ತು ಎಂದು ಬರೆದೆ, ಅಂದಕ್ಕೆಂದು ಕೆಳಗೊಂದು ಅಡ್ಡಗೀಟು ಎಳೆದೆ, ಸೀಮೆಸುಣ್ಣವನ್ನು ಚೀಲದ ಜೇಬಿಗೆ ಹಾಕಿಕೊಂಡೆ. ಅಕ್ಕ ಆ ಸಂಖ್ಯೆಯನ್ನು ಸ್ವಲ್ಪ ಹೊತ್ತು ನೋಡಿದರು. ಚೆನ್ನಾಗಿ ಬರೆದಿದ್ದೀಯ ಎಂದರು.

ಆ ಚಳಿಗಾಲ ನನ್ನ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಈ ಮನೆಗಳಲ್ಲಿ ಉಸಿರಾಟದ ತೊಂದರೆ ಹೇಳಿಕೊಂಡವರು ವಿರಳ ಎಂದು ಬರೆದಿದ್ದೆ. ಅಕ್ಕನ ಪ್ರಶ್ನೆ ಅಡಿಟಿಪ್ಪಣಿಯಲ್ಲಿತ್ತು, ಸಣ್ಣ ಅಕ್ಷರದಲ್ಲಿ. ಈ ಸುದ್ದಿ ಹೇಳೋಣ ಎಂದು ಅವರ ನಂಬರಿಗೆ ಫೋನು ಮಾಡಿದೆ. ಮಗಳು ಎತ್ತಿಕೊಂಡಳು. ಅಮ್ಮ ಹೋಗಿ ಹದಿನೇಳು ದಿನ ಆಯಿತು ಎಂದಳು. ಉಸಿರು ಕಟ್ಟಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕೈಮೀರಿತ್ತಂತೆ. ಹೀಗೆ ಇದ್ದಕ್ಕಿದ್ದಂತೆ ಹೇಗೆ ಎಂದು ನಾನು ತೊದಲಿದೆ.

"ಇದ್ದಕ್ಕಿದ್ದಂಗೆ ಎಲ್ಲಿ ಅಕ್ಕಾ? ಅಮ್ಮಂಗೆ ದಮ್ಮು ಮೊದಲಿಂದ ಇತ್ತಲ್ಲ. ನಿಮ್ ಜೊತೆ ಓಡಾಡೋವಾಗೆಲ್ಲ ಕೂತ್ಕೊಂಡು ಕೂತ್ಕೊಂಡೇ ಹತ್ತುತಿದ್ರಲ್ಲ, ನಿಮಗೆ ಗೊತ್ತಿರಲಿಲ್ವಾ?"

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ನಿಜವಾಗಿ ಆಶ್ಚರ್ಯವೇ ಇತ್ತು. ಉಬ್ಬಸ ಇರುವ ಆಶಾ ಕಾರ್ಯಕರ್ತೆಯನ್ನು ಬಾಣಂತಿ ಇರುವ ಮನೆಯೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ ಎಂದು ಅಮ್ಮ ಯಾರಿಗೂ ಹೇಳುತ್ತಿರಲಿಲ್ಲ ಎಂದಳು. ನಾನು ಆ ವಿಶ್ವವಿದ್ಯಾಲಯದ ಉದ್ದನೆಯ ಕಾರಿಡಾರಿನಲ್ಲಿ ಫೋನು ಹಿಡಿದು ನಿಂತಿದ್ದೆ. ಹೊರಗೆ ಹಿಮ ಬೀಳುತ್ತಿತ್ತು. ಜಾಗತಿಕ ಆರೋಗ್ಯ ಓದಿದ ಇನ್ನೂರು ಜನ ಆ ಕಟ್ಟಡದಲ್ಲಿದ್ದರು, ಇದನ್ನು ಹೇಳಿಕೊಂಡು ಅಳಲು ನನಗೆ ಒಬ್ಬರೂ ಇರಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ನಾನೇ ಕೇಳಲಿ ಎಂದು ಅಕ್ಕ ಆವತ್ತು ಚಾಪೆಯ ಮೇಲೆ ಕಾದು ಕೂತಿದ್ದರು. ಕೇಳುವುದು ಹೇಗೆಂದು ಎರಡು ತಿಂಗಳು ಕಲಿಸಿದ್ದರು, ಸೀಮೆಸುಣ್ಣವನ್ನೂ ಕೈಗೆ ಕೊಟ್ಟಿದ್ದರು. ನಾನು ಐದೂವರೆ ಬಸ್ಸು ಹಿಡಿದಿದ್ದೆ.

ಈಗ ನಾನು ಶಿವಮೊಗ್ಗದಲ್ಲೇ ಇದ್ದೇನೆ. ನನ್ನ ಅಮ್ಮನೂ ಈಗ ಇಲ್ಲ, ಗೋಪಾಳದ ಬಾಡಿಗೆ ಮನೆಯೂ ಬಿಟ್ಟಾಯಿತು. ಸವಳಂಗ ರಸ್ತೆಯ ಒಂದು ಮಹಡಿಯಲ್ಲಿ ಕೂತು ದೂರದ ದೇಶಗಳ ಆರೋಗ್ಯದ ವರದಿಗಳನ್ನು ತಿದ್ದುತ್ತೇನೆ. ಮಾತಾಡುವುದೆಲ್ಲ ಪರದೆಯ ಮೇಲಿನ ಮುಖಗಳ ಜೊತೆ. 'ತೊಂದರೆ ಹೇಳಿಕೊಂಡವರು ವಿರಳ' ಎಂಬ ಸಾಲು ಯಾವುದಾದರೂ ವರದಿಯಲ್ಲಿ ಬಂದರೆ ಎದ್ದು ಹೋಗಿ ನೀರು ಕುಡಿದು ಬರುತ್ತೇನೆ. ಕೇಳಿದ್ದು ಹೇಗೆ ಎಂದು ಅಂಚಿನಲ್ಲಿ ಬರೆಯುತ್ತೇನೆ. ಬಹಳ ಸಲ ಉತ್ತರ ಬರುವುದಿಲ್ಲ.

ಭಾನುವಾರ ಸೀಮೆಸುಣ್ಣ ಇಟ್ಟುಕೊಂಡು ಭದ್ರಾವತಿಗೆ ಹೋದೆ. ಮಗಳು ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆಂದು ಗೊತ್ತಿತ್ತು. ಅಕ್ಕನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಗೋಡೆಗೆ ಹಳದಿ ಬಣ್ಣ ಬಳಿದಿದ್ದಾರೆ. ಯಾರು ಬೇಕಿತ್ತು ಎಂದು ಒಳಗಿನಿಂದ ಒಬ್ಬರು ಕೇಳಿದರು. ಇಲ್ಲಿ ಮೊದಲು ಅಕ್ಕ ಇದ್ದರು ಎಂದೆ. ಅವರಿಗೆ ಗೊತ್ತಾಗಲಿಲ್ಲ. ಪರರ ಗೋಡೆಯ ಮೇಲೆ ಗೆರೆ ಎಳೆಯುವುದು ಹೇಗೆ? ಸೀಮೆಸುಣ್ಣ ಮುಷ್ಟಿಯಲ್ಲೇ ಉಳಿಯಿತು.

ಏರು ಹತ್ತಿದೆ. ಮರ ಇನ್ನೂ ಇದೆ, ಅದರ ಬುಡದಲ್ಲಿ ಕೂತೆ. ಟೈಲರ್ ಅಂಗಡಿ ಮೊಬೈಲ್ ಅಂಗಡಿಯಾಗಿದೆ, ಬೆಂಚು ಮಾತ್ರ ಅದೇ, ಅಲ್ಲೂ ಕೂತೆ. ಆಮೇಲೆ ಮೋರಿಯ ಕಲ್ಲು. ನನಗೆ ದಣಿವೇನೂ ಆಗಿರಲಿಲ್ಲ. ಕೆಳಗೆ ಬಡಾವಣೆಯ ಹಿತ್ತಲುಗಳಿಂದ ಹಂಡೆ ಒಲೆಯ ಹೊಗೆ ಎದ್ದು ಹೆಂಚುಗಳ ಮೇಲೆ ಹರಡುತ್ತಿತ್ತು. ಮಾತು ನಿಲ್ಲಿಸಿ ಅಕ್ಕ ನೋಡುತ್ತಿದ್ದದ್ದು ಇದನ್ನೇ ಇರಬೇಕು...

"ಅಕ್ಕಾ, ರೇಷನ್ ಅಂಗಡಿಗೆ ಹೋಗೋವಾಗ ಎಲ್ಲೆಲ್ಲಿ ಕೂತ್ಕೊಂತೀರಾ?" ಎಂದು ಬಾಯಿಬಿಟ್ಟೇ ಕೇಳಿದೆ. ಕಲ್ಲಿನ ಮೇಲೆ ನೀಲಿಯ ಮೂರು ಗೆರೆ ಎಳೆದೆ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.