ಅಧ್ಯಕ್ಷರ ಟೇಪೂ ಅತ್ತೆಯ ಫೋನೂ

ತೆಲುಗು ಸೀಮೆಯ ತಾರ್ನಾಕದ ನಮ್ಮ ಮನೆಯಲ್ಲಿ ಊಟದ ಮೇಜೇ ನನ್ನ ಆಫೀಸು. ಒಂದು ತುದಿಯಲ್ಲಿ ನನ್ನ ಲ್ಯಾಪ್‌ಟಾಪು, ಇನ್ನೊಂದು ತುದಿಯಲ್ಲಿ ಅತ್ತೆಯ ಸೊಪ್ಪಿನ ಬುಟ್ಟಿ. ಮೊದಲೆಲ್ಲ ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿದ್ದನ್ನು ಕೇಳಿ ಟೈಪು ಮಾಡುತ್ತಿದ್ದೆ. ಈಗ ಅದನ್ನು ಯಂತ್ರವೇ ಮಾಡುತ್ತದೆ. ಅದರ ತಪ್ಪು ತಿದ್ದುವುದಷ್ಟೇ ನನ್ನ ಪಾಲಿಗೆ ಉಳಿದದ್ದು. ಹಾಗೆ ತಿದ್ದಲು ಬಂದ ಒಂದು ದೊಡ್ಡ ಗಂಟು ಅಮೆರಿಕದ ಕೆಲವು ಹಳೆಯ ಅಧ್ಯಕ್ಷರ ಟೇಪುಗಳದು. ಕಚೇರಿಯಲ್ಲಿ, ಫೋನಿನಲ್ಲಿ ಆಡಿದ ಮಾತನ್ನೆಲ್ಲ ಅವರು ಗುಟ್ಟಾಗಿ ಟೇಪು ಮಾಡಿಸಿಟ್ಟಿದ್ದರು.

ಕಾಲಡಿಯ ಪೆಡಲು ಒತ್ತಿದರೆ ಟೇಪು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ದಿನವಿಡೀ ಹೊಲಿಗೆ ಮಷೀನು ತುಳಿದಂತೆ ತುಳಿಯುತ್ತೀ, ಒಂದು ಕುಪ್ಪಸವೂ ಹೊರಗೆ ಬರಲಿಲ್ಲ ಎಂದು ಅತ್ತೆ ಛೇಡಿಸುತ್ತಿದ್ದರು.

ಅವರಿಗೆ ಇಂಗ್ಲಿಷ್ ಬಾರದು. ಆದರೂ ಆಗಾಗ ಹೆಡ್‌ಫೋನು ಕಿತ್ತು ಜೋರಾಗಿ ಕೇಳಿಸುತ್ತಿದ್ದೆ. ಲೋಕವೇ ಅಣುಬಾಂಬಿಗೆ ಸುಟ್ಟುಹೋಗುತ್ತದೇನೋ ಎಂಬ ಹೊತ್ತಿನ ಟೇಪೊಂದಿತ್ತು. ಸೇನಾಧಿಕಾರಿಗಳು ವಾದಿಸುತ್ತಾರೆ, ಅಧ್ಯಕ್ಷ ಸುಮ್ಮನಿರುತ್ತಾನೆ, ನಡುವೆ ಕಪ್ಪಿನ ಸದ್ದು. ಮದುವೆ ಮಾತುಕತೆ ಮುರಿದುಬಿದ್ದಿದೆ, ಹೆಣ್ಣಿನ ತಂದೆಗೆ ಮಾತೇ ಹೊರಡುತ್ತಿಲ್ಲ ಎಂದು ಅತ್ತೆ ತೀರ್ಮಾನಿಸಿದರು. ನಾನು ಬಾಂಬಿನ ವಿಷಯ ಬಿಡಿಸಿ ಹೇಳಿದೆ. ಅಂಥ ಹೊತ್ತಿನಲ್ಲೂ ಚಹಾ ಮಾಡಿಕೊಟ್ಟ ಪುಣ್ಯಾತ್ಮರು ಯಾರು ಎಂದು ಕೇಳಿದರು.

ಅವರಿಗೆ ತುಂಬ ಹಿಡಿಸಿದವನು ಹಗರಣದ ಅಧ್ಯಕ್ಷ. ಅವನ ಕಡೆಯವರು ಎದುರು ಪಕ್ಷದ ಕಚೇರಿಗೆ ಕಳ್ಳತನದಲ್ಲಿ ನುಗ್ಗಿದ್ದರು. ಅದನ್ನು ಮುಚ್ಚಿಹಾಕಲು ಅವನು ಆಡಿದ ಮಾತು ಅವನದೇ ಮಷೀನಿನಲ್ಲಿ ಸಿಕ್ಕಿಕೊಂಡಿತು. ಒಂದು ಟೇಪಿನಲ್ಲಿ ಮಾತೆಲ್ಲ ಅಳಿಸಿಹೋಗಿ ಬರೀ ಗುಂಯ್ ಎನ್ನುವ ಸದ್ದು. ಟೇಪು ಕೊಡು ಎಂದ ತನಿಖೆಯವರಿಗೆ ಮೊದಲು ಅವನು ಕೊಟ್ಟದ್ದು ಬೈಗುಳ ಕಿತ್ತು, ಸೋಸಿದ ಪ್ರತಿ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಗುತ್ತಾ, ನಿಮ್ಮ ಫೋನೂ ಹೀಗೇ ಎಲ್ಲ ಹಿಡಿದಿಡುತ್ತದಲ್ಲ ಎಂದುಬಿಟ್ಟೆ.

ಅದಕ್ಕೆ ಕಾರಣ ಅವರ 'ಸರೇ ಸರೇ'. ಫೋನಿನಲ್ಲಿ ಯಾರಾದರೂ ಗಡಗಡ ತೆಲುಗು ಮಾತಾಡಿದರೆ ಅರ್ಧ ತಿಳಿಯುವುದಿಲ್ಲ, ಎಲ್ಲದಕ್ಕೂ ಸರೇ ಸರೇ ಎನ್ನುತ್ತಾರೆ. ಒಮ್ಮೆ ಸೋಫಾ ತೊಳೆಯುವವನು ಮಷೀನು ಹೊತ್ತು ಬಾಗಿಲಿಗೇ ಬಂದ. ನಮ್ಮ ಮನೆಯಲ್ಲಿ ಸೋಫಾವೇ ಇಲ್ಲ. ಅಂದಿನಿಂದ, ಅಮ್ಮ ಯಾವುದಕ್ಕೆ ಒಪ್ಪಿದ್ದಾರೆ ಎಂದು ತಿಳಿಯಲು, ನನ್ನ ಗಂಡ ಕರೆಗಳೆಲ್ಲ ತಾವೇ ರೆಕಾರ್ಡ್ ಆಗುವಂತೆ ಮಾಡಿಟ್ಟಿದ್ದರು. ಅತ್ತೆಗೂ ಹೇಳಿದ್ದರು. ಅದಕ್ಕೂ ಅವರು ಸರೇ ಎಂದಿದ್ದರು.

ನನ್ನ ಮಾತು ಕೇಳಿ ಮೆಂತ್ಯ ಬಿಡಿಸುತ್ತಿದ್ದ ಅವರ ಕೈ ನಿಂತಿತು. ಆಮೇಲೆ ನಗಲಿಲ್ಲ.

ಇದೇ ಊರಿನ ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮೊಂದಿಗಿದ್ದಾರೆ. ಪ್ರತಿ ದೀಪಾವಳಿಗೂ ವಿಜಯಪುರದ ದೊಡ್ಡ ಮಗ ಇಲ್ಲಿಗೇ ಬಂದುಬಿಡು ಎಂದು ಕರೆಯುತ್ತಾರೆ. ಅವರು ಹೋದರೆ ಈ ಮೇಜಿನ ಆ ತುದಿ ಖಾಲಿಯಾಗುತ್ತದೆ, ನನಗದು ಬೇಡ. ಆದರೆ ನಮ್ಮೊಂದಿಗೆ ಖುಷಿಯಿಂದಿದ್ದಾರೋ, ಸುಮ್ಮನೆ ದಿನ ದೂಡುತ್ತಿದ್ದಾರೋ? ಮಧ್ಯಾಹ್ನ ಬಾಲ್ಕನಿಯ ಬಾಗಿಲು ಮುಂದೆ ಮಾಡಿಕೊಂಡು ತಂಗಿಯ ಜೊತೆ ಹೊತ್ತುಗಟ್ಟಲೆ ಮಾತಾಡುತ್ತಾರೆ. ಉತ್ತರವೆಲ್ಲ ಆ ಫೋನಿನೊಳಗಿತ್ತು.

ಮರುದಿನ ಅತ್ತೆ ಫೋನು ತಂದು ನನ್ನ ಮುಂದಿಟ್ಟರು.

"ಯವ್ವಾ, ನಮ್ಮ ತಂಗಿ ಜೋಡಿ ಮಾತಾಡಿದ್ದೆಲ್ಲಾ ಅಳಿಸಿಬಿಡು. ಕೇಳಬ್ಯಾಡ ಮತ್ತ."

ಊರವರ ಗುಟ್ಟು ಕೇಳಿ ಸಂಬಳ ತೆಗೆದುಕೊಳ್ಳುವವಳು ನಾನು. ಒಂದೇ ಒಂದು ಕೇಳೋಣವೆಂದು ಬೆರಳು ತವಕಿಸಿತು. ಅತ್ತೆಯ ಮುಖ ನೋಡಿದೆ. ಎಲ್ಲವನ್ನೂ ಅಳಿಸಿದೆ.

ನಮ್ಮ ಕೆಲಸದಲ್ಲೊಂದು ನಿಯಮವಿದೆ. ಕೇಳಿಸದ ಕಡೆ ಕೇಳಿಸಲಿಲ್ಲ ಎಂದೇ ಬರೆಯಬೇಕು, ಊಹಿಸಿ ತುಂಬಕೂಡದು. ಅಂದು ಸಂಜೆ ಆ ಅಳಿಸಿದ ಮಾತುಗಳ ಜಾಗದಲ್ಲಿ ನಾನು ತುಂಬಿದ್ದೇ ತುಂಬಿದ್ದು. ಸೊಸೆಯ ಕಾಟ, ವಿಜಯಪುರದ ಬಸ್ಸು, ಏನೇನೋ. ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಬೆಳಿಗ್ಗೆ ಬುಟ್ಟಿ ಹಿಡಿದು ತಮ್ಮ ತುದಿಯಲ್ಲಿ ಕೂತವರು ತಾವಾಗಿಯೇ ಶುರುಮಾಡಿದರು. ನಿನ್ನ ಸಾರು ನೀರು ನೀರಾಗಿರುತ್ತದೆ ಎಂದು ತಂಗಿಗೆ ಹೇಳಿದ್ದೆ, ಅಷ್ಟೇ ಎಂದರು. ಆ ಅಧ್ಯಕ್ಷನೂ ಮೊದಲು ಸೋಸಿದ ಪ್ರತಿಯನ್ನೇ ಕೊಟ್ಟಿದ್ದ ಎಂದೆ. ನಗು ಬಂದರೂ ತಡೆದುಕೊಂಡು ಒಂದಷ್ಟು ಎಲೆ ಬಿಡಿಸಿದರು.

"ಇನ್ನೊಂದು ಅಂದಿದ್ದೆ," ಎಂದರು. "ನಮ್ಮ ಸೊಸಿ ಭಾಳ ಚಲೋ ಅದಾಳ. ಆದ್ರ ದಿನಾ ಪೂರ್ತಿ ಸತ್ತವರ ಮಾತು ಕಿವಿಗೊಟ್ಟು ಕೇಳ್ತಾಳ. ನಾ ಏನರ ಹೇಳಾಕ ಹೋದ್ರ ಸರೇ ಸರೇ ಅಂತಾಳ."

ಹಾಗಾದರೆ ವಿಜಯಪುರಕ್ಕೆ ಹೋಗುವ ಮನಸ್ಸಿದೆಯೇ ಎಂದು ಕೇಳಿದೆ. ಅಲ್ಲಿ ಎಲ್ಲರೂ ಬೆಳಿಗ್ಗೆಯೇ ಕೆಲಸಕ್ಕೆ ಹೊರಡುತ್ತಾರೆ, ಗೋಡೆಯ ಜೊತೆ ಮಾತಾಡಬೇಕಾಗುತ್ತದೆ ಎಂದರು. ಇಲ್ಲಿ ಎದುರಿಗೆ ನೀನಾದರೂ ಇರುತ್ತೀ ಎಂದರು.

ಪೆಡಲಿನಿಂದ ಕಾಲು ತೆಗೆದೆ. ಅಧ್ಯಕ್ಷನ ಮಾತು ನಡುವೆಯೇ ನಿಂತಿತು. ಒಂದೇ ಕಿವಿಗೆ ಹಾಕಿದ್ದ ಹೆಡ್‌ಫೋನು ತೆಗೆದಿಟ್ಟು, ಒಂದು ಹಿಡಿ ಸೊಪ್ಪು ನನ್ನ ಕಡೆ ಎಳೆದುಕೊಂಡೆ.

"ಹೇಳ್ರಿ ಅತ್ತಿ," ಎಂದೆ.

ಅವರು ತಂಗಿಯ ಸೊಸೆಯಿಂದ ಶುರುಮಾಡಿದರು. ಅಂದು ಅಧ್ಯಕ್ಷನ ಕೆಲಸ ಮುಗಿಯಲಿಲ್ಲ. ಮೆಂತ್ಯವಷ್ಟನ್ನೂ ಬಿಡಿಸಿ ಮುಗಿಸಿದ ಮೇಲೂ ನಾವಿಬ್ಬರೂ ಮೇಜು ಬಿಟ್ಟು ಏಳಲಿಲ್ಲ.