ಗಳಿಗೆ ಬಟ್ಟಲಿನ ತೂತು

ಮೊನ್ನೆ ಅಟ್ಟದ ಪಾತ್ರೆ ಇಳಿಸುತ್ತಿದ್ದ ಮಗಳು ತಾಮ್ರದ ಬಟ್ಟಲೊಂದನ್ನು ಬೆಳಕಿಗೆ ಹಿಡಿದು, "ಅವ್ವಾ, ಇದರ ತಳಾ ತೂತು ಬಿದ್ದೈತಿ, ಗುಜರಿಗೆ ಹಾಕ್ಲೇನು?" ಅಂದಳು. ಥಟ್ಟನೆ ಅದನ್ನು ಅವಳ ಕೈಯಿಂದ ಕಸಿದುಕೊಂಡೆ. ಬರುವ ವಾರ ಅವಳದೇ ಮದುವೆ.

ಆ ತೂತು ಬಿದ್ದದ್ದಲ್ಲ, ಮಾಡಿಸಿದ್ದು. ನೀರಿನಲ್ಲಿ ತೇಲಿಬಿಟ್ಟರೆ ಸರಿಯಾಗಿ ಒಂದು ಗಳಿಗೆಗೆ, ಅಂದರೆ ಇಪ್ಪತ್ನಾಲ್ಕು ನಿಮಿಷಕ್ಕೆ, ತುಂಬಿ ಮುಳುಗುವ ಬಟ್ಟಲು. ಅಪ್ಪ ಕುಷ್ಟಗಿಯಲ್ಲಿ ಗಣಿತದ ಮಾಸ್ತರು. ಕೈಗಡಿಯಾರವಿದ್ದರೂ ಅಕ್ಕನ ಮದುವೆಯ ಮುಹೂರ್ತಕ್ಕೆ ಬಟ್ಟಲೇ ಬೇಕೆಂದು ಹಟ ಹಿಡಿದು, ಕಾಯಲು ಹತ್ತು ವರ್ಷದ ನನ್ನನ್ನು ಕೂಡಿಸಿದರು. ಹಿಂದಿನ ದಿನ ಭಾಸ್ಕರಾಚಾರ್ಯರ ಕಥೆ ಹೇಳಿ ಹೆದರಿಸಿಯೂ ಇಟ್ಟಿದ್ದರು. ಅವರ ಮಗಳು ಇಂಥದೇ ಬಟ್ಟಲನ್ನು ಬಗ್ಗಿ ನೋಡಿದಳಂತೆ, ಒಡವೆಯ ಮುತ್ತೊಂದು ಬಿದ್ದು ತೂತು ಮುಚ್ಚಿತಂತೆ, ಮುಹೂರ್ತ ಮೀರಿ ಆಕೆಗೆ ಮದುವೆಯೇ ಆಗಲಿಲ್ಲವಂತೆ. ಸೊನ್ನೆಯಿಂದ ಭಾಗಿಸಿದರೆ ಬರುವುದು ಅನಂತವೆಂದ ಮಹಾಶಯರು ಒಂದು ಮುತ್ತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ನೋಡಿ.

ನಾನು ಸರ, ಓಲೆ ಎಲ್ಲ ಬಿಚ್ಚಿಟ್ಟು ಕೂತೆ. ಭಾರೀ ಶಾಣ್ಯಾಕಿ! ಮುಷ್ಟಿಯಲ್ಲಿ ಅಕ್ಷತೆಯ ಅಕ್ಕಿಕಾಳು ಇದ್ದದ್ದು ಮಾತ್ರ ಮರೆತೆ. ಏನಾದರೂ ಬಿದ್ದಿದೆಯೇ ಎಂದು ಬಗ್ಗಿದಾಗ ಬೆವರಿದ ಬೆರಳ ಸಂದಿಯಿಂದ ಒಂದು ಕಾಳು ಜಾರಿ, ಹೋಗಿ ಆ ತೂತಿನಲ್ಲೇ ಕೂತಿತು. ನೀರು ಏರುವುದು ನಿಂತಿತು.

ಅಕ್ಕ ಅಂತರಪಟದ ಹಿಂದೆ ನಿಂತಿದ್ದಳು. ಹೇಳಿದರೆ ಅಪಶಕುನವೆಂದು ಮದುವೆ ನಿಲ್ಲುತ್ತದೆ, ಹೇಳದಿದ್ದರೆ ಬಟ್ಟಲು ಮುಳುಗುವುದಿಲ್ಲ.

"ಯಾಕ್ರೀ ಮಾಸ್ತರ, ಇನ್ನೂ ಮುಳುಗವಲ್ದು?" ಬೀಗರ ಕಡೆಯ ಹಿರಿಯರೊಬ್ಬರು ಕೇಳಿದರು.

ಅಪ್ಪ ಬಂದು ಬಗ್ಗಿದರು. ಮಂದಿಗೆ ಕಾಣದಂತೆ ಬೆನ್ನು ಅಡ್ಡ ಮಾಡಿ ಬಟ್ಟಲನ್ನು ಹೆಬ್ಬೆರಳಿನಿಂದ ಒತ್ತಿಬಿಟ್ಟರು. "ಮುಳುಗೇತ್ರಿ. ಬಾರಸ್ರಿ."

ಆಮೇಲೆ ಎಷ್ಟೋ ವರ್ಷ, ಅಕ್ಕನಿಗೆ ನೆಗಡಿ ಬಂದರೂ ನನಗೆ ಆ ಕಾಳೇ ನೆನಪಾಗುತ್ತಿತ್ತು. ಕೊನೆಗೊಮ್ಮೆ ಕೇಳಿಯೇಬಿಟ್ಟೆ: "ಮುಹೂರ್ತ ತಪ್ಪಿತ್ತಲ್ಲಪ್ಪಾ?"

"ಯಾರಿಗ್ಗೊತ್ತವಾ. ಗಡಿಯಾರ ನೋಡಾಕ ನನಗ ಎಲ್ಲಿ ಪುರಸೊತ್ತಿತ್ತು? ನಿನ್ನ ಮುಖಾ ನೋಡಿದೆ. ಅವತ್ತ ಮದುವಿ ನಿಂತಿದ್ರ ಮಂದಿ ಜನ್ಮಪೂರ್ತಿ ನಿನ್ನ ಹೆಸರು ಹೇಳ್ತಿದ್ರು."

ಅಕ್ಕ ಈಗ ಗಂಗಾವತಿಯಲ್ಲಿ ಗಟ್ಟಿಮುಟ್ಟಾದ ಅಜ್ಜಿ.

ಬಟ್ಟಲಿಗೆ ಹುಣಸೆಹಣ್ಣು ಹಚ್ಚಿ ಬೆಳಗಿದೆ. "ಮದುವ್ಯಾಗ ಇಡೋಣು" ಎಂದೆ.

"ಕಾಯಾಕ ಯಾರು ಕೂಡ್ತಾರ?"

"ದೊಡ್ಡವ್ವನ ಮೊಮ್ಮಗಳು ಕೂಡ್ಲಿ."

ಅಕ್ಕನ ಆ ಮೊಮ್ಮಗಳಿಗೆ ಭಾಸ್ಕರಾಚಾರ್ಯರ ಕಥೆಯನ್ನು ಮದುವೆ ಮುಗಿದ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಎದುರಿಗೇ ನಿಂತು ಅವಳ ಮುಖ ನೋಡುತ್ತಿರುತ್ತೇನೆ.